ನರ್ಸ್‌ಗೂ ಸ್ವಂತದ್ದೊಂದು ಬೇಕು: ಲಿಟ್‌ಮನ್ ಕ್ಲಾಸಿಕ್ 3 ಸ್ಟೆತಸ್ಕೋಪ್

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ನಾನು ನರ್ಸ್. ನರ್ಸಿಂಗ್‌ನಲ್ಲಿ ಜಿಎನ್‌ಎಂ ಡಿಪ್ಲೊಮಾ ಅಥವಾ ಬಿಎಸ್ಸಿ ಮುಗಿಸಿ ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗಿಯರು ನನ್ನ ಜೇಬಿನತ್ತ ನೋಡಿ ಕೇಳುವ ಪ್ರಶ್ನೆ ಒಂದೇ: “ಅಕ್ಕಾ, ವಾರ್ಡಿನಲ್ಲಿ ಸ್ಟೆತಸ್ಕೋಪ್ ಇದ್ದೇ ಇದೆಯಲ್ಲ, ಅಷ್ಟು ದುಡ್ಡು ಕೊಟ್ಟು ನೀವೇಕೆ ತೆಗೆದುಕೊಂಡಿರಿ?” ಡ್ಯೂಟಿಯ ಗಡಿಬಿಡಿಯಲ್ಲಿ ಪೂರ್ತಿ ಉತ್ತರ ಕೊಡಲು ಪುರುಸೊತ್ತು ಸಿಗುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಾರ್ಡಿನ ಸ್ಟೆತಸ್ಕೋಪ್ ಎಂದರೆ ಹೇಗಿರುತ್ತದೆ ಎಂದು ಯಾವ ಆಸ್ಪತ್ರೆಯ ನರ್ಸ್ ಆದರೂ ಹೇಳಬಲ್ಲರು. ಹತ್ತು ಜನರ ಕಿವಿಗೆ ಹೋಗಿ ಬಂದ ಇಯರ್‌ಟಿಪ್, ಗಟ್ಟಿಯಾದ ನಳಿಕೆ, ಎಲ್ಲೋ ಸಣ್ಣ ಸೀಳು. ಬೇಕೆಂದಾಗ ಅದು ಬಿಪಿ ರೌಂಡ್ ಮಾಡುತ್ತಿರುವವರ ಕೈಯಲ್ಲಿರುತ್ತದೆ, ಇಲ್ಲವೇ ಪಕ್ಕದ ವಾರ್ಡಿಗೆ ಹೋಗಿರುತ್ತದೆ. ಅದರಲ್ಲಿ ಬಿಪಿ ನೋಡಬಹುದು. ಶ್ವಾಸಕೋಶದ ತಳಭಾಗದಲ್ಲಿ ಸಣ್ಣಗೆ ಶುರುವಾಗುವ ಸದ್ದನ್ನು ಅದು ಕೇಳಿಸುವುದಿಲ್ಲ. ಕೇಳಿಸದಿದ್ದ ಮೇಲೆ ನರ್ಸ್ ಕೇಳುವ ಅಭ್ಯಾಸವನ್ನೇ ಬಿಡುತ್ತಾಳೆ. ಕಾಲೇಜಿನಲ್ಲಿ ಕಲಿತದ್ದು ಅಲ್ಲಿಗೇ ಮುಗಿಯುತ್ತದೆ. ನನಗೆ ನೋವು ತರುವುದು ಇದೇ.

ಇನ್ನು ವಸ್ತುವಿನ ವಿಚಾರ. ಲಿಟ್‌ಮನ್ ಎಂಬುದು ಅಮೆರಿಕದ ಹೃದ್ರೋಗ ತಜ್ಞ ಡೇವಿಡ್ ಲಿಟ್‌ಮನ್ ರೂಪಿಸಿದ ಸ್ಟೆತಸ್ಕೋಪಿನ ಹೆಸರು. 1967ರಲ್ಲಿ 3ಎಂ ಕಂಪನಿ ಅದನ್ನು ಕೊಂಡಿತು. 2024ರಲ್ಲಿ 3ಎಂನ ಆರೋಗ್ಯ ವಿಭಾಗ ಸೊಲ್ವೆಂಟಮ್ ಎಂಬ ಬೇರೆ ಕಂಪನಿಯಾಯಿತು. ಕ್ಲಾಸಿಕ್ 3ರ ಎದೆಗಿಡುವ ಭಾಗ ಸ್ಟೇನ್‌ಲೆಸ್ ಸ್ಟೀಲಿನದು. ಒಂದು ಬದಿಗೆ ದೊಡ್ಡವರ ಡಯಾಫ್ರಾಮ್ (ಸದ್ದು ಹಿಡಿಯುವ ತೆಳು ಪೊರೆ), ಇನ್ನೊಂದು ಬದಿಗೆ ಮಕ್ಕಳದು. ಒಟ್ಟು ತೂಕ 150 ಗ್ರಾಂ. ಹಗುರವಾಗಿ ಇಟ್ಟರೆ ತಗ್ಗು ಸ್ವರದ ಸದ್ದುಗಳು, ಸ್ವಲ್ಪ ಒತ್ತಿ ಹಿಡಿದರೆ ಏರು ಸ್ವರದವು ಕೇಳುತ್ತವೆ, ಪ್ರತಿಸಲ ತಿರುಗಿಸಬೇಕಾಗಿಲ್ಲ. ಕೈಗೆ ಈ ಒತ್ತಡದ ಅಂದಾಜು ಸಿಗಲು ಒಂದಿಷ್ಟು ಕಾಲ ಬೇಕು. ಕಿವಿಗೆ ಹಾಕಿಕೊಳ್ಳುವಾಗ ಇಯರ್‌ಟಿಪ್‌ಗಳು ಮೂಗಿನ ಕಡೆಗೆ, ಅಂದರೆ ಮುಂದಕ್ಕೆ ಬಾಗಿರಬೇಕು. ಹಿಂದುಮುಂದಾಗಿ ಹಾಕಿಕೊಂಡು “ಇದರಲ್ಲಿ ಏನೂ ಕೇಳಿಸುವುದಿಲ್ಲ” ಎನ್ನುವವರನ್ನು ಬಹಳ ಕಂಡಿದ್ದೇನೆ.

ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಯಾವಾಗ ಎಂದರೆ ಒಂದು ರಾತ್ರಿಯ ಮಾತು ಹೇಳುತ್ತೇನೆ. ವಾಂತಿ ಭೇದಿಯಾಗಿ ಸೇರಿದ್ದ ಅಜ್ಜ, ಮೊದಲೇ ಹೃದಯದ ತೊಂದರೆ ಇದ್ದವರು. ಸಲೈನ್ ಹರಿಯುತ್ತಿತ್ತು. ಡ್ಯೂಟಿಗೆ ಬಂದ ಕೂಡಲೇ ಎಲ್ಲ ರೋಗಿಗಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು ನನ್ನ ರೂಢಿ; ಆಗ ಅವರ ಎರಡೂ ಕಡೆ ಉಸಿರಿನ ಸದ್ದು ಶುದ್ಧವಾಗಿತ್ತು. ನಸುಕಿಗೆ ಮುಂಚೆ ಮಗ ಬಂದು, “ಸಿಸ್ಟರ್, ಅಪ್ಪ ಮಲಗಲು ಒಪ್ಪುತ್ತಿಲ್ಲ, ಎದ್ದೆದ್ದು ಕೂರುತ್ತಾರೆ” ಎಂದ. ಹೋಗಿ ನೋಡಿದರೆ ಅಜ್ಜ ಮಂಚದ ಅಂಚು ಹಿಡಿದು ಕುಳಿತಿದ್ದರು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಇಳಿದಿತ್ತು. ಅಂಗಿ ಮೇಲೆತ್ತಿ, “ಅಜ್ಜಾ, ಬಾಯಿ ತೆರೆದು ದೊಡ್ಡದಾಗಿ ಉಸಿರು ಎಳೆದುಕೊಳ್ಳಿ” ಎಂದು ಬೆನ್ನಿನ ಕೆಳಭಾಗಕ್ಕೆ ಇಟ್ಟೆ. ಉಸಿರು ಒಳಗೆ ಹೋಗುವಾಗಲೆಲ್ಲ, ಕಿವಿಯ ಪಕ್ಕ ಕೂದಲನ್ನು ಬೆರಳುಗಳ ನಡುವೆ ಉಜ್ಜಿದಂತಹ ಸದ್ದು. ಎರಡೂ ಕಡೆ. ನಾವು ಕ್ರೆಪ್ಸ್ ಎನ್ನುವುದು ಇದನ್ನೇ; ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ ಅದಾಗಿರಬಹುದು. ತಲೆಯ ಕಡೆ ಮಂಚ ಎತ್ತರಿಸಿ, ಡ್ರಿಪ್ ನಿಧಾನ ಮಾಡಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. “ಸರ್, ರೋಗಿಗೆ ದಮ್ಮು” ಎಂದಷ್ಟೇ ಹೇಳಲಿಲ್ಲ. “ಸಂಜೆ ಎದೆ ಶುದ್ಧವಾಗಿತ್ತು, ಈಗ ಎರಡೂ ಕಡೆ ತಳದಲ್ಲಿ ಕ್ರೆಪ್ಸ್ ಇದೆ, ಇಷ್ಟು ಸಲೈನ್ ಹೋಗಿದೆ, ಸ್ಯಾಚುರೇಷನ್ ಇಷ್ಟು” ಎಂದೆ. ಅವರು ಮರುಪ್ರಶ್ನೆ ಕೇಳದೆ ಮೇಲೆ ಬಂದರು. ಸಲೈನ್ ನಿಂತಿತು, ಆಮ್ಲಜನಕ, ಮೈಯ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟೆವು. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ಅಜ್ಜ ದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದರು.

ರೋಗ ಪತ್ತೆ ಮಾಡುವುದು ವೈದ್ಯರ ಕೆಲಸ, ಅದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಸಂಜೆಗೂ ನಸುಕಿಗೂ ನಡುವೆ ಆದ ಬದಲಾವಣೆಯನ್ನು ಕಾಣುವವರು ಹಾಸಿಗೆಯ ಪಕ್ಕ ಇರುವ ನಾವೇ. ನೀವೇ ಕೇಳಿ, ಕೇಳಿದ್ದನ್ನು ಸ್ಪಷ್ಟವಾಗಿ ಹೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಹೊಸಬರಿಗೆ ವೃತ್ತಿಯ ಬಗ್ಗೆ ನಾನು ಕೊಡುವ ಮೊದಲ ಸಲಹೆಯೂ ಇದೇ.

ಬಿಪಿಗೆ ಈಗ ಎಲ್ಲ ಕಡೆ ಸ್ವಯಂಚಾಲಿತ ಯಂತ್ರ ಬಂದಿದೆ. ಅನುಕೂಲವೇ. ಆದರೆ ನಾಡಿ ಏರುಪೇರಾಗಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ರೋಗಿಯಲ್ಲಿ ಯಂತ್ರ ಒಮ್ಮೊಮ್ಮೆ ಒಂದೊಂದು ಅಂಕಿ ತೋರಿಸುತ್ತದೆ. ಆಗ ತೋಳಿಗೆ ಬಿಪಿ ಪಟ್ಟಿ (ಕಫ್) ಕಟ್ಟಿ, ಕೈಯಿಂದ ಗಾಳಿ ತುಂಬಿ, 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕೊವ್ ವಿವರಿಸಿದ ಸದ್ದುಗಳನ್ನೇ ಕೇಳಬೇಕು. ಮೊದಲ ಸದ್ದು ಮೇಲಿನ ಅಂಕಿ, ಸದ್ದು ಪೂರ್ತಿ ಮಾಯವಾದದ್ದು ಕೆಳಗಿನ ಅಂಕಿ. ಈ ಸದ್ದು ತಗ್ಗು ಸ್ವರದ್ದು, ಅದಕ್ಕೇ ಡಯಾಫ್ರಾಮನ್ನು ಹಗುರವಾಗಿ ಇಡಿ. ಹೃದಯದ ಬಡಿತವನ್ನು ನಿಧಾನಗೊಳಿಸುವ ಡಿಗಾಕ್ಸಿನ್ ಮಾತ್ರೆ ಕೊಡುವ ಮೊದಲು ಎದೆಯ ಮೇಲೆ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುವುದಕ್ಕೂ ಇದು ಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಬಂದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸುತ್ತೇವೆ. ಡಯಾಲಿಸಿಸ್ ರೋಗಿಗಳ ತೋಳಿನ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಅಪಧಮನಿ ಮತ್ತು ಅಭಿಧಮನಿಯನ್ನು ಜೋಡಿಸಿದ ಜಾಗ) ಮೇಲೆ ಇಟ್ಟರೆ ರಕ್ತ ಭೋರ್ಗರೆಯುವ ಸದ್ದು ಕೇಳಬೇಕು. ಅದು ಕೇಳದಿದ್ದರೆ ಕೂಡಲೇ ಹೇಳಬೇಕು, ತಡಮಾಡಿದರೆ ಫಿಸ್ಟುಲಾ ಕೈತಪ್ಪಬಹುದು. ಒಂದು ಕೆಲಸಕ್ಕೆ ಮಾತ್ರ ಇದನ್ನು ನಂಬಬೇಡಿ: ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹೊಟ್ಟೆಯಲ್ಲಿದೆಯೇ ಎಂದು ಸಿರಿಂಜಿನಿಂದ ಗಾಳಿ ಬಿಟ್ಟು ಕೇಳುವ ಹಳೆಯ ಪದ್ಧತಿ. ಟ್ಯೂಬ್ ಶ್ವಾಸಕೋಶಕ್ಕೆ ಹೋಗಿದ್ದರೂ ಗಾಳಿಯ ಸದ್ದು ಕೇಳಬಹುದು. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲೀಯತೆ) ನೋಡಬೇಕು, ಅನುಮಾನವಿದ್ದರೆ ಎಕ್ಸ್‌ರೇ ಆಗಲೇಬೇಕು.

ಬೆಲೆಯೇ ದೊಡ್ಡ ತೊಡಕು. ಎಂಟು ಹತ್ತು ಸಾವಿರ ರೂಪಾಯಿ ಎಂದರೆ ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ನರ್ಸ್‌ಗೆ ಸಣ್ಣ ಮಾತಲ್ಲ. ಹಾಸ್ಟೆಲ್ ಬಾಡಿಗೆ ಕಟ್ಟಿ, ಮನೆಗೆ ಕಳಿಸಿ, ಕೈಯಲ್ಲಿ ಉಳಿಯುವುದು ಎಷ್ಟೆಂದು ನನಗೆ ಗೊತ್ತು. ಮೊದಲ ಸಂಬಳದಲ್ಲೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸಾಲ ಮಾಡಿ ಕೊಳ್ಳುವುದಂತೂ ಬೇಡ. ಸಾವಿರದ ಆಸುಪಾಸಿನ ಒಳ್ಳೆಯ ದೇಶೀ ಸ್ಟೆತಸ್ಕೋಪ್ ತೆಗೆದುಕೊಂಡು ದಿನಾ ಕೇಳುವವಳು, ಇದನ್ನು ಕೊಂಡು ಜೇಬಿನಲ್ಲೇ ಇಟ್ಟುಕೊಳ್ಳುವವಳಿಗಿಂತ ಬೇಗ ಕಲಿಯುತ್ತಾಳೆ. ಕಾರ್ಡಿಯಾಲಜಿ ಮಾದರಿ ಇದಕ್ಕಿಂತ ದುಬಾರಿ. ವಾರ್ಡಿನ ನರ್ಸ್‌ಗೆ ಅದು ಬೇಕಿಲ್ಲ. ನವಜಾತ ಶಿಶುಗಳ ಘಟಕದಲ್ಲಿರುವವರಿಗೆ ಕ್ಲಾಸಿಕ್‌ನ ಮಕ್ಕಳ ಬದಿಯೂ ದೊಡ್ಡದಾಗುತ್ತದೆ, ಅವರು ಶಿಶುಗಳಿಗೆಂದೇ ಮಾಡಿದ್ದನ್ನು ನೋಡಲಿ.

ನಕಲಿ ಮಾಲಿನ ಬಗ್ಗೆ ಎಚ್ಚರಿಕೆ. ನಮ್ಮ ಸಹೋದ್ಯೋಗಿಯೊಬ್ಬಳು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ತರಿಸಿಕೊಂಡಳು. ಪೆಟ್ಟಿಗೆ, ಬಣ್ಣ, ಅಕ್ಷರ ಎಲ್ಲ ತದ್ರೂಪು. ಎದೆಗಿಡುವ ಭಾಗ ಕೈಗೆ ಬಂದಾಗಲೇ ಹಗುರ ಎನಿಸಿತು. ಇಬ್ಬರದನ್ನೂ ಒಂದೇ ರೋಗಿಯ ಎದೆಗೆ ಇಟ್ಟು ಕೇಳಿದಾಗ ಉಳಿದದ್ದು ಗೊತ್ತಾಯಿತು. ಅಸಲಿಯಲ್ಲಿ ಲೋಹದ ಮೇಲೆ ಸೀರಿಯಲ್ ನಂಬರ್ ಕೊರೆದಿರುತ್ತದೆ. ಬಿಲ್ ಮತ್ತು ವಾರಂಟಿ ಕೊಡುವ ಸರ್ಜಿಕಲ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದೇ ಲೇಸು. ಈ ಮಾದರಿಗೆ 5 ವರ್ಷದ ವಾರಂಟಿ ಇದೆ, ಬಿಲ್ ಜೋಪಾನ ಮಾಡಿ.

ಪ್ರತಿ ರೋಗಿಯ ನಂತರ ಡಯಾಫ್ರಾಮನ್ನು 70 ಶೇಕಡಾ ಆಲ್ಕೋಹಾಲ್ ಸ್ವಾಬಿನಿಂದ ಒರೆಸಿ. ನಾವು ಕೈ ತೊಳೆಯುತ್ತೇವೆ, ಸ್ಟೆತಸ್ಕೋಪನ್ನು ಮರೆಯುತ್ತೇವೆ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಸೋಂಕು ಸಾಗುವ ದಾರಿಗಳಲ್ಲಿ ಅದೂ ಒಂದು. ನೀರಿನಲ್ಲಿ ಮುಳುಗಿಸಬೇಡಿ, ಬಿಸಿ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವಿಗೆ ಹಾಕಬೇಡಿ, ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬೇಡಿ. ಬರಿ ಕುತ್ತಿಗೆಗೆ ತೂಗುಹಾಕಿಕೊಂಡರೆ ಚರ್ಮದ ಎಣ್ಣೆಯಂಶದಿಂದ ನಳಿಕೆ ಬೇಗ ಗಟ್ಟಿಯಾಗುತ್ತದೆ. ಅದಕ್ಕೇ ನನ್ನದು ಜೇಬಿನಲ್ಲಿರುತ್ತದೆ. ಬಟ್ಟೆಯ ಮೇಲಿಂದ ಕೇಳುವುದೂ ಬೇಡ. ಸೀರೆ, ಸ್ವೆಟರಿನ ಸರಸರ ಸದ್ದೇ ಕ್ರೆಪ್ಸ್‌ನಂತೆ ಕೇಳಿ ದಾರಿ ತಪ್ಪಿಸುತ್ತದೆ. ಪರದೆ ಎಳೆಯಿರಿ, ರೋಗಿಗೆ ಏನು ಮಾಡುತ್ತಿದ್ದೀರಿ ಎಂದು ಹೇಳಿ, ತಣ್ಣಗಿರುವ ಲೋಹವನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಮೈಗಿಡಿ.

ಮೆಡಿಕಲ್ ವಾರ್ಡ್, ಐಸಿಯು, ತುರ್ತು ವಿಭಾಗ, ಡಯಾಲಿಸಿಸ್ ಘಟಕ, ಇವುಗಳಲ್ಲಿ ನೆಲೆ ನಿಲ್ಲಬೇಕೆಂದು ತೀರ್ಮಾನಿಸಿದವರಿಗೆ ಕ್ಲಾಸಿಕ್ 3 ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಬ್ರಿಟನ್ನಿಗೆ ಹೋಗುವ ಆಸೆ ಇರುವವರಿಗೂ ಹೇಳುತ್ತೇನೆ, ಅಲ್ಲಿ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯ ತಪಾಸಣೆ ಮಾಡಿ ತೋರಿಸಬೇಕು. ಅಭ್ಯಾಸ ಇಲ್ಲಿಂದಲೇ ಆಗಲಿ. ಆಪರೇಷನ್ ಥಿಯೇಟರ್ ಅಥವಾ ಹೊರರೋಗಿ ವಿಭಾಗದಲ್ಲಿ ಇರುವವರು ಆ ಹಣವನ್ನು ಬೇರೆ ತರಬೇತಿಗೆ ಉಳಿಸಿಕೊಳ್ಳಬಹುದು. ಕೊಂಡವರು ಅವತ್ತೇ ನಳಿಕೆಗೆ ಹೆಸರಿನ ಪಟ್ಟಿ ಹಾಕಿಸಿ. ರೌಂಡ್ಸ್ ಹೊತ್ತಿನಲ್ಲಿ ಯಾರಾದರೂ ಕೇಳಿದರೆ ಕೊಡಿ, ಆದರೆ ಡ್ಯೂಟಿ ಮುಗಿಸಿ ಹೊರಡುವ ಮೊದಲು ವಾಪಸ್ ಪಡೆದುಕೊಂಡೇ ಹೋಗಿ.