ಗಿಟಾರ್ ನೊಟೇಶನ್ ಕಲಿಯೋಕೆ ಹೊರಟಿದ್ದೀರಾ? ಆ ಪೆನ್ಸಿಲ್ ಬಗ್ಗೆ ಸ್ವಲ್ಪ ಹುಷಾರು

ಎರಡು ವರ್ಷ ಗಿಟಾರ್ ಕ್ಲಾಸಿಗೆ ಹೋದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಎರಡು ಸಲ ಬರೆದು, ಅಂದರೆ ನುಡಿಸಿ, ಪಾಸಾದೆ. ಒಂದರಲ್ಲಿ ಮೆರಿಟ್ ಕೂಡ ಬಂತು. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾಯ್ತು. ಇಷ್ಟೆಲ್ಲಾ ಆದಮೇಲೂ ನನಗೆ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟು ಬರೆದ ಸಂಗೀತ, ಓದಲು ಬರುತ್ತಿರಲಿಲ್ಲ. ಬರುವುದಿಲ್ಲ ಅನ್ನೋದು ನನಗೇ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಹೋದ ಡಿಸೆಂಬರಿನಲ್ಲಿ. ಆಫೀಸಿನ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಸಹೋದ್ಯೋಗಿಯೊಬ್ಬರು ಒಂದು ಹಾಡಿನ ಹಾಳೆ ತಂದರು. ಚರ್ಚಿನಲ್ಲಿ ಹಾಡುವವರು ಅವರು. "ಮೇಲಿನ ಸಾಲು ನೀವು ನುಡಿಸಿಬಿಡಿ, ಸುಲಭ ಇದೆ" ಅಂದರು. ನಾನು ಕೇಳದೇ ಇದ್ದ ಹಾಡು. ಮೊದಲ ಚುಕ್ಕೆ ಯಾವ ಸ್ವರ ಅಂತ ತಿಳಿಯಲು ಕೆಳಗಿನ ಗೆರೆಯಿಂದ ಬೆರಳಿಟ್ಟು ಎಣಿಸಿದೆ: ಇ, ಎಫ್, ಜಿ, ಎ, ಬಿ. ಎರಡನೇ ಚುಕ್ಕೆಗೆ ಮತ್ತೆ ಕೆಳಗಿನಿಂದ ಶುರು. ನಾನು ನಾಲ್ಕನೇ ಚುಕ್ಕೆಗೆ ಬರುವಷ್ಟರಲ್ಲಿ ಅವರು ಮೊದಲ ಚರಣ ಹಾಡಿ ಮುಗಿಸಿ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಪಾಪ, ಅವರೇ "ಪರವಾಗಿಲ್ಲ, ಕಾರ್ಡ್ಸ್ ಹಿಡೀರಿ ಸಾಕು" ಅಂದರು. ಕಾರ್ಡ್ಸ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು.

ಮನೆಗೆ ಬಂದು ನನ್ನ ಹಳೇ ಪುಸ್ತಕ ತೆಗೆದು ನೋಡಿದೆ. ಪ್ರತಿಯೊಂದು ಚುಕ್ಕೆಯ ಕೆಳಗೂ ಪೆನ್ಸಿಲಿನಲ್ಲಿ ಎರಡು ಬರಹ. ಒಂದು ತಂತಿ ಮತ್ತು ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ನಂಬರ್, 2-1, 3-0 ಹೀಗೆ. 2-1 ಅಂದರೆ ಎರಡನೇ ತಂತಿ, ಮೊದಲ ಫ್ರೆಟ್. ಅದರ ಕೆಳಗೆ ಸ, ಪ, ಗ. ಹೊಸ ಪಾಠ ಬಂದಾಗಲೆಲ್ಲ ಸರ್ ಐದೇ ನಿಮಿಷದಲ್ಲಿ ಬರೆದುಕೊಡುತ್ತಿದ್ದರು. ನಾನು ಎರಡು ವರ್ಷ ಓದಿದ್ದು ಆ ಪೆನ್ಸಿಲನ್ನೇ. ಮೇಲಿನ ಐದು ಗೆರೆ ಸುಮ್ನೆ ಅಲಂಕಾರಕ್ಕೆ. ಸರ್ ನುಡಿಸುವುದರಲ್ಲಿ ಎರಡು ಮಾತಿಲ್ಲ, ಒಳ್ಳೆಯ ಮನುಷ್ಯ ಕೂಡ. ಆದರೆ ಕ್ಲಾಸ್ ನಡೆಸುವವರಿಗೆ ಬೇಕಿದ್ದದ್ದು ಹುಡುಗರು ಬೇಗ ಒಂದು ಹಾಡು ನುಡಿಸಿ ಫೀಸು ಮುಂದುವರಿಸುವುದು. ನಾನೂ ಒಂದು ವರ್ಷದ ಫೀಸು ಒಟ್ಟಿಗೆ ಕಟ್ಟಿ ಅದಕ್ಕೆ ಸಹಕರಿಸಿದೆ ಅನ್ನಿ.

ಹಾಗಾದರೆ ಪರೀಕ್ಷೆ ಹೇಗೆ ಪಾಸಾದೆ? ಟ್ರಿನಿಟಿಯ ಈ ಗ್ರೇಡ್ ಪರೀಕ್ಷೆಯಲ್ಲಿ ಗ್ರೇಡ್ 5ರವರೆಗೆ ಸೈಟ್ ರೀಡಿಂಗ್, ಅಂದರೆ ಮೊದಲು ನೋಡದ ಹಾಳೆ ಓದುತ್ತಲೇ ನುಡಿಸುವುದು, ಕಡ್ಡಾಯ ಅಲ್ಲ. ಅದೂ ಸೇರಿ ನಾಲ್ಕು ಚಿಕ್ಕ ಪರೀಕ್ಷೆಗಳಲ್ಲಿ ಯಾವುದಾದರೂ ಎರಡು ಆರಿಸಿಕೊಳ್ಳಬಹುದು. ನಮ್ಮ ಕ್ಲಾಸಿನಲ್ಲಿ ಸೈಟ್ ರೀಡಿಂಗ್ ಆರಿಸಿದವರು ಒಬ್ಬರೂ ಇಲ್ಲ. ನೂರಕ್ಕೆ 60 ಬಂದರೆ ಪಾಸು, 75ಕ್ಕೆ ಮೆರಿಟ್. ಮೂರು ಪಾಠ ಚೆನ್ನಾಗಿ ಬಾಯಿಪಾಠ ಮಾಡಿದರೆ ಅದರ ಬಹುಪಾಲು ಅಲ್ಲೇ ಗಿಟ್ಟುತ್ತದೆ. ಗ್ರೇಡ್ 6ಕ್ಕೆ ಬಂದಾಗ ಸೈಟ್ ರೀಡಿಂಗ್ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಷ್ಟರಲ್ಲಿ ಎಷ್ಟು ವರ್ಷ ಹೋಗಿರುತ್ತೆ ಲೆಕ್ಕ ಹಾಕಿ.

ಇನ್ನು ಆ ಸರಿಗಮದ ಕಥೆ. ಚಿಕ್ಕವಯಸ್ಸಿನಲ್ಲಿ ಸರಳೆ ವರಸೆ, ಜಂಟಿ ವರಸೆ ಕಲಿತವರು ಇದನ್ನು ಸ್ವಲ್ಪ ಗಮನಿಸಿ. ನಮ್ಮ ಸ ಊರಾಡುವ ಸ. ಶ್ರುತಿ ಎಲ್ಲಿಟ್ಟರೆ ಅಲ್ಲೇ ಅದರ ಮನೆ. ಸ್ಟಾಫಿನ, ಅಂದರೆ ಆ ಐದು ಗೆರೆಯ, ಸಿ ಹಾಗಲ್ಲ, ಕೂತ ಜಾಗ ಬಿಡುವುದಿಲ್ಲ. ಸರ್ ನನಗೆ ಸುಲಭವಾಗಲಿ ಅಂತ ಸಿ ಅಂದರೆ ಸ ಎಂದು ಬರೆದುಕೊಟ್ಟರು. ಸಿ ಯಿಂದ ಶುರುವಾಗುವ ಸಿ ಮೇಜರ್ ಸ್ವರಶ್ರೇಣಿಯ ಪಾಠಗಳಿಗೆ ಏನೂ ತೊಂದರೆ ಆಗಲಿಲ್ಲ. ಜಿ ಯಿಂದ ಶುರುವಾಗುವ ಜಿ ಮೇಜರ್ ಬಂದಾಗ ತಲೆ ಕೆಟ್ಟಿತು. ಅದರಲ್ಲಿ ಎಫ್ ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿದ ಎಫ್, ಬರುತ್ತದೆ. ಸಿ ಯನ್ನು ಸ ಅಂದುಕೊಂಡರೆ ಎಫ್ ಶಾರ್ಪ್ ಪ್ರತಿ ಮಧ್ಯಮ. ಅಲ್ಲಿಗೆ ಪುಸ್ತಕದಲ್ಲಿರುವುದು ಕಲ್ಯಾಣಿ ರಾಗದ ಸ್ವರ. ಕಿವಿ ಮಾತ್ರ ಜಿ ಯನ್ನೇ ಸ ಅಂತ ಹಿಡಿದು ಶಂಕರಾಭರಣ ಕೇಳುತ್ತಿದೆ! ಕಣ್ಣೊಂದು ಹೇಳುತ್ತೆ, ಕಿವಿಯೊಂದು ಹೇಳುತ್ತೆ. ತಿಂಗಳುಗಟ್ಟಲೆ ನನ್ನ ಕಿವಿಯೇ ಸರಿ ಇಲ್ಲ ಅಂದುಕೊಂಡಿದ್ದೆ.

ನಂಬರಿನದು ಇನ್ನೊಂದು ಗೋಳು. ಸ್ಟಾಫಿನ ಮೇಲಿನ ಸಂದಿಯಲ್ಲಿ ಕೂರುವ ಇ ಇದೆಯಲ್ಲ, ಪಿಯಾನೋದಲ್ಲಿ ಅದಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಮೊದಲ ತಂತಿಯನ್ನು ಏನೂ ಒತ್ತದೆ ಮೀಟಿದರೂ ಅದೇ, ಎರಡನೇ ತಂತಿಯ 5ನೇ ಫ್ರೆಟ್ಟೂ ಅದೇ, ಮೂರನೇ ತಂತಿಯ 9ನೇ ಫ್ರೆಟ್ಟೂ ಅದೇ. ಗಿಟಾರಿನಲ್ಲಿ ಓದುವುದು ಕಷ್ಟ ಅನ್ನಿಸುವುದೇ ಇದರಿಂದ. 1-0 ಅಂತ ಬರೆದುಕೊಟ್ಟರೆ ಆ ಒಂದು ಜಾಗ ಮಾತ್ರ ತಲೆಯಲ್ಲಿ ಉಳಿಯುತ್ತದೆ. ಮುಂದೆ ಚುಕ್ಕೆಯ ಪಕ್ಕ ವೃತ್ತದೊಳಗೆ 2 ಅಂತ ಅಚ್ಚಾಗಿದ್ದರೆ ಅದು ಎರಡನೇ ತಂತಿಯಲ್ಲಿ ಹಿಡಿ ಎಂಬ ಸೂಚನೆ. ನಾನು ಅದನ್ನು ಎರಡನೇ ಬೆರಳು ಅಂದುಕೊಂಡಿದ್ದೆ. ಬೆರಳಿನ ನಂಬರಿಗೆ ವೃತ್ತ ಇರುವುದಿಲ್ಲ. ಇಷ್ಟು ಚಿಕ್ಕ ವಿಷಯ ಕೂಡ ಗೊತ್ತಿರಲಿಲ್ಲ ನೋಡಿ. ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನೋದನ್ನೂ ಆ ನಂಬರ್ ಹೇಳಲ್ಲ, ಅದನ್ನು ಸರ್ ನುಡಿಸಿದ್ದು ಕೇಳಿ ಕಲಿಯುತ್ತಿದ್ದೆ.

ಟ್ಯಾಬನ್ನು, ಅಂದರೆ ಯಾವ ತಂತಿ, ಯಾವ ಫ್ರೆಟ್ ಅಂತ ಮಾತ್ರ ಬರೆಯುವ ಪದ್ಧತಿಯನ್ನು, ಬೈಯುತ್ತಿಲ್ಲ. ಗಿಟಾರಿನಂಥ ಹಳೇ ತಂತಿವಾದ್ಯ ಲ್ಯೂಟ್ ನುಡಿಸುವವರು ನೂರಾರು ವರ್ಷ ಟ್ಯಾಬಿನಲ್ಲೇ ಬರೆದುಕೊಂಡರು. ಟ್ಯಾಬ್ ಸಾಕು ಅಂದರೆ ಟ್ಯಾಬ್ ಕಲಿಯಿರಿ, ಅದಕ್ಕೆ ನೊಟೇಶನ್ ಕ್ಲಾಸ್ ಅಂತ ಫೀಸು ಕೊಡಬೇಡಿ ಅಷ್ಟೇ.

ಹಣ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಆರು ತಿಂಗಳಿಂದ ಆ ಕ್ಲಾಸಿಗೆ ಹೋಗುತ್ತಿರುವ ಯಾರಿಗಾದರೂ ಅವರು ನೋಡದ ನಾಲ್ಕು ಬಾರ್ (ಗೆರೆ ಎಳೆದು ಬೇರ್ಪಡಿಸಿದ ಚಿಕ್ಕ ಭಾಗ) ಮುಂದಿಟ್ಟು ನುಡಿಸಲು ಹೇಳಿ. ನಿಧಾನ ಆದರೂ ನಿಲ್ಲದೆ ಹೋದರೆ ಸೇರಿಕೊಳ್ಳಿ. ಮೇಷ್ಟ್ರ ಮುಖ ನೋಡಿದರೆ ಬೇಡ. ಈಗಾಗಲೇ ಸೇರಿದ್ದರೆ ಪುಸ್ತಕದ ಮೇಲೆ ಬರೆಯಬೇಡಿ ಸರ್ ಅಂತ ಮರ್ಯಾದೆಯಿಂದಲೇ ಹೇಳಿಬಿಡಿ.

ನಾನೀಗ ಮೊದಲಿಂದ ಶುರು ಮಾಡಿದ್ದೇನೆ. ಮಕ್ಕಳ ವಯಲಿನ್ ಪುಸ್ತಕವೊಂದನ್ನು ಕೊಂಡೆ. ಅದೂ ಗಿಟಾರಿನ ಹಾಗೆ ಟ್ರೆಬಲ್ ಕ್ಲೆಫಿನಲ್ಲೇ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ಇರುತ್ತೆ, ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಸ್ವರ. ಗಿಟಾರಿನಲ್ಲಿ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ, ಓದೋಕೆ ಅದರಿಂದ ಏನೂ ತೊಂದರೆ ಇಲ್ಲ. ದಿನಕ್ಕೆ ಹೊಸದಾಗಿ ಎರಡು ಸಾಲು, ಕಾಲಲ್ಲಿ ತಾಳ ಹಾಕುತ್ತಾ. ತಪ್ಪಾದರೂ ಹಿಂದೆ ಹೋಗೋ ಹಾಗಿಲ್ಲ. ಮೊದಲ ಎರಡು ತಿಂಗಳು ನಮ್ಮ ಮನೆಯವರ ಸಹನೆಗೆ ನಮಸ್ಕಾರ.

ಹಳೇ ಪುಸ್ತಕದ ಪೆನ್ಸಿಲೆಲ್ಲ ಉಜ್ಜಿ ತೆಗೆದೆ, ಎರಡು ರಬ್ಬರ್ ಸವೆದವು. ಮೂರು ಪುಟದಲ್ಲಿ ಸರ್ ಪೆನ್ನಿನಲ್ಲಿ ಬರೆದಿದ್ದರು. ಅದಕ್ಕೆ ವೈಟ್ನರ್ ಹಚ್ಚಿದೆ, ಕೆಳಗಿನ ಗೆರೆಯೂ ಅದರ ಜೊತೆ ಹೋಯಿತು. ಸ್ಕೇಲ್ ಇಟ್ಟು ಒಂದೊಂದೇ ಗೆರೆ ಮತ್ತೆ ಎಳೆದೆ.