ರೋಮನ್ ಕವಚ ಕೊಳ್ಳುವ ಮುಂಚೆ ಕೀಲು, ರಿವೆಟ್ ನೋಡಿ

ಆನ್‌ಲೈನ್‌ನಲ್ಲಿ ರೋಮನ್ ಪಟ್ಟಿ ಕವಚ, ಅಂದರೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮಾಡಿದ ಸೈನಿಕರ ಕವಚ, ತರಿಸಬೇಕು ಅಂತಿದ್ದರೆ ಒಂದು ನಿಮಿಷ ಇದನ್ನು ಓದಿ.

ನಾನಿರುವುದು ಇಂಗ್ಲೆಂಡಿನ ಉತ್ತರದಲ್ಲಿ, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರ. ಇಲ್ಲಿ ರೋಮನ್ ಸೈನಿಕರ ವೇಷ ಹಾಕಿ ಮಕ್ಕಳಿಗೆ ಚರಿತ್ರೆ ಹೇಳುವ ಗುಂಪೊಂದಕ್ಕೆ ಸೇರಿದ್ದೇನೆ. ಹೋದ ಬೇಸಿಗೆಯಲ್ಲಿ ಹೊಸ ಕವಚ ಹಾಕಿಕೊಂಡು ಮೊದಲ ಸಲ ಬಲಗೈ ಮೇಲೆತ್ತಿದೆ. ಭುಜದ ಕೀಲು ಟಪ್ ಅಂತ ಕಿತ್ತು ಬಂತು. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮುಂದೆ ದಾರ ಕಟ್ಟುವ ಕೊಕ್ಕೆಗಳಲ್ಲಿ ಎರಡು ಉದುರಿದವು. ಒಂದು ಹುಲ್ಲಿನಲ್ಲಿ ಸಿಗಲೇ ಇಲ್ಲ. ಎದುರಿಗೆ ಶಾಲೆಯ ಮಕ್ಕಳು ನಿಂತಿದ್ದರು, ತುಂಬಾ ಬೇಜಾರಾಯಿತು.

ಮನೆಗೆ ಬಂದು ಬಿಚ್ಚಿ ನೋಡಿದೆ. 'ಹಿತ್ತಾಳೆ' ಅಂತ ಮಾರಿದ ಕೀಲಿಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿತು. ಹಿತ್ತಾಳೆಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಅದು ಹಳದಿ ಲೇಪ ಕೊಟ್ಟ ತೆಳು ಕಬ್ಬಿಣ. ಕವಚದ ತಗಡುಗಳನ್ನು ಹಿಡಿದಿರುವುದು ಒಳಗಿನ ಚರ್ಮದ ಪಟ್ಟಿಗಳು. ಆ ಚರ್ಮದ ಕಡೆ ರಿವೆಟ್‌ಗಳಿಗೆ ವಾಷರೇ ಹಾಕಿರಲಿಲ್ಲ. ಭಾರ ಬಿದ್ದ ಕಡೆಯೆಲ್ಲ ರಿವೆಟ್ ಚರ್ಮವನ್ನು ಹರಿದುಕೊಂಡು ಹೊರಬಂದಿತ್ತು.

ಮಾರಿದವರನ್ನು ಕೇಳಿದರೆ, "ಅಸಲಿ ಕವಚದಲ್ಲೂ ಕೀಲು ಮುರಿಯುತ್ತಿತ್ತು, ನಾವು ಹಾಗೇ ಮಾಡಿದ್ದೇವೆ" ಅಂದರು. ದುಡ್ಡು ವಾಪಸ್ ಬರಲಿಲ್ಲ. ಈ ಮಾತಿಗೆ ಮರುಳಾಗಬೇಡಿ. ಅರ್ಧ ನಿಜ ಇರುವುದರಿಂದಲೇ ಅದು ಕೇಳಲು ಸರಿ ಅನಿಸುತ್ತದೆ. 1964ರಲ್ಲಿ ಈ ಗೋಡೆಯ ಹತ್ತಿರದ ಹಳೆಯ ರೋಮನ್ ನೆಲೆ ಕಾರ್ಬ್ರಿಜ್‌ನಲ್ಲಿ ಮಣ್ಣಿನಡಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅದರೊಳಗಿನ ಕವಚದ ತುಂಡುಗಳಲ್ಲಿ ರಿಪೇರಿ ಮಾಡಿದ ಗುರುತುಗಳಿವೆ. ಮುರಿದ ಕೀಲಿನ ಬದಲು ತಗಡುಗಳನ್ನೇ ನೇರವಾಗಿ ರಿವೆಟ್ ಮಾಡಿ ಜೋಡಿಸಿದ್ದಾರೆ. ಮುಂದೆ ಬಂದ ನ್ಯೂಸ್ಟೆಡ್ ಮಾದರಿಯ ಕವಚದಲ್ಲಿ (ಸ್ಕಾಟ್ಲೆಂಡಿನ ನ್ಯೂಸ್ಟೆಡ್ ಕೋಟೆಯಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು) ಬಿಡಿಭಾಗಗಳು ದೊಡ್ಡದಾದವು, ಸರಳವೂ ಆದವು. ಆದರೆ ರೋಮನ್ನರು ಹಾಕಿದ್ದು ನಿಜವಾದ ಹಿತ್ತಾಳೆ. ಸೈನಿಕ ಅದನ್ನು ತೊಟ್ಟು ದುಡಿದ ಮೇಲೆ ಸವೆದು ಮುರಿಯುತ್ತಿತ್ತು. ಮುರಿದರೆ ಸರಿಮಾಡಲು ಕೋಟೆಯಲ್ಲೇ ಕಮ್ಮಾರಸಾಲೆ ಇರುತ್ತಿತ್ತು. ಒಮ್ಮೆ ಕೈ ಎತ್ತಿದ್ದಕ್ಕೇ ಕಿತ್ತು ಬರುವುದು ಬೇರೆ ವಿಷಯ ಅಲ್ವಾ?

ಹಾಗಾಗಿ ದುಡ್ಡು ಕೊಡುವ ಮುಂಚೆ ಒಳಭಾಗದ ಫೋಟೋ ಕೇಳಿ. ಹೊರಗಿನ ಹೊಳಪು ಏನೂ ಹೇಳುವುದಿಲ್ಲ. ಪ್ರತಿ ರಿವೆಟ್‌ಗೂ ಚರ್ಮದ ಕಡೆ ವಾಷರ್ ಇದೆಯಾ ನೋಡಿ. ಕೀಲಿನ ತಗಡು ಎಷ್ಟು ದಪ್ಪ ಅಂತ ಬರವಣಿಗೆಯಲ್ಲೇ ಪಡೆಯಿರಿ. ಫೋಟೋ ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ಒಳ್ಳೆಯ ಕವಚ ಸಿಕ್ಕರೂ ಒಂದು ಎಚ್ಚರ ಬೇಕು. ಹಿತ್ತಾಳೆ, ಕಬ್ಬಿಣ ಒಂದಕ್ಕೊಂದು ತಾಗಿರುವ ಜಾಗಕ್ಕೆ ಬೆವರು ಇಳಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ರಿವೆಟ್ ಸುತ್ತ ಕಂದು ಉಂಗುರ ಕಂಡರೆ ಅದೇ ಶುರು. ಪ್ರತಿ ಸಲ ಬಿಚ್ಚಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿಡಿ.

ನಾನೀಗ ಒಂದು ಮಿಲಿಮೀಟರ್ ಹಿತ್ತಾಳೆ ತಗಡು ತಂದು ಎಲ್ಲ ಕೀಲುಗಳನ್ನೂ ಹೊಸದಾಗಿ ಕತ್ತರಿಸುತ್ತಿದ್ದೇನೆ. ಎಡಭುಜ ಮುಗಿದಿದೆ, ಬಲಭುಜ ಬಾಕಿ ಇದೆ.