ಗುಡ್ ಕಿಡ್, ಮ್ಯಾಡ್ ಸಿಟಿ: ವರ್ಷಗಟ್ಟಲೆ ಕೇಳಿದ ಮೇಲೆ

ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ ಈ ಆಲ್ಬಮ್ಮನ್ನು ಶಫಲ್‌ನಲ್ಲಿ ಹಾಕಿ ‘ಅಷ್ಟೇನಿಲ್ಲ’ ಅನ್ನುವವರು ತುಮಕೂರಿನಲ್ಲೂ ಬೇಕಾದಷ್ಟು ಜನ ಸಿಗುತ್ತಾರೆ. 12 ಹಾಡು ಸೇರಿ 68 ನಿಮಿಷದ ಒಂದೇ ಕಥೆ ಇದು. ಕವರ್ ಮೇಲೆಯೇ ಕಿರುಚಿತ್ರ ಅಂತ ಬರೆದಿದೆ. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಹುಡುಗನೊಬ್ಬ ಅಮ್ಮನ ವ್ಯಾನ್ ತಗೊಂಡು ಹುಡುಗಿಯನ್ನು ನೋಡಲು ಹೋಗಿ ಸಿಕ್ಕಿಹಾಕಿಕೊಳ್ಳುವ ಕಥೆ, ಅದೂ ಹಿಂದುಮುಂದಾಗಿ ಹೇಳಿದ್ದು. ಕೊಂಡಿಗಳೆಲ್ಲ ಹಾಡಿನ ಕೊನೆಯ ಮಾತುಕತೆಗಳಲ್ಲಿವೆ.

ಹಾಗಾಗಿ ಮೊದಲು ಆ್ಯಪ್ ಸರಿಮಾಡಿಕೊಳ್ಳಿ. ಶಫಲ್ ಆಫ್. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಅಮ್ಮನ ವಾಯ್ಸ್‌ಮೇಲ್ ಮೇಲೆಯೇ ಮುಂದಿನ ಹಾಡಿನ ಬೀಟ್ ಬಂದು ಕೂರುತ್ತದೆ. ಬೈಗುಳ ತೆಗೆದ ಕ್ಲೀನ್ ಆವೃತ್ತಿ ಬೇಡವೇ ಬೇಡ, ಸಾಲುಗಳ ನಡುವೆ ಬರೀ ತೂತು. ಮನೆಯಲ್ಲಿ ಸ್ಪೀಕರ್‌ಗೆ ಹಾಕುವ ಹಾಗಿಲ್ಲ, ಇಯರ್‌ಫೋನ್ ಕಡ್ಡಾಯ. ಬಾಸ್ ಬೂಸ್ಟ್ ಕೂಡ ಆಫ್ ಇರಲಿ: ‘ಸ್ವಿಮ್ಮಿಂಗ್ ಪೂಲ್ಸ್’ನಲ್ಲಿ ಅವನ ಅಂತಃಸಾಕ್ಷಿಯೇ ಬೇರೆ ದನಿಯಲ್ಲಿ ಮಾತಾಡುತ್ತದೆ, ಬಾಸ್ ಏರಿಸಿದರೆ ಅದು ಮುಳುಗಿಹೋಗುತ್ತದೆ. ಆ ಹಾಡನ್ನು ಕಾಲೇಜು ಫೆಸ್ಟ್‌ಗಳಲ್ಲಿ ಕುಡಿತದ ಪಾರ್ಟಿ ಹಾಡು ಮಾಡಿಬಿಟ್ಟಿದ್ದಾರೆ. ಅದು ಕುಡಿಸುವ ಗೆಳೆಯರ ಒತ್ತಾಯದ ಬಗ್ಗೆ, ಕುಡಿತದ ನಡುವೆಯೇ ಬೆಳೆದವನ ಬಗ್ಗೆ ಇರುವ ಹಾಡು. ಸಿಂಗಲ್ (ಬಿಡಿ ಹಾಡು) ಆಗಿ ಬಂದದ್ದು ಕೇಳಬೇಡಿ, ಆಲ್ಬಮ್ಮಿನ 5 ನಿಮಿಷ ದಾಟುವ ಆವೃತ್ತಿಯನ್ನೇ ಕೇಳಿ. ಕೊನೆಗೆ ಗುಂಡು ಹಾರಿ ಗೆಳೆಯ ಬೀಳುವುದು ಅದರಲ್ಲೇ. ಅದನ್ನು ಬಿಟ್ಟರೆ 10ನೇ ಹಾಡು ತಲೆಬುಡ ಅರ್ಥವಾಗದು.

ಆ 10ನೇ ಹಾಡು, ‘ಸಿಂಗ್ ಅಬೌಟ್ ಮಿ, ಐಯಾಮ್ ಡೈಯಿಂಗ್ ಆಫ್ ಥರ್ಸ್ಟ್’, 12 ನಿಮಿಷದ್ದು, ಇಡೀ ಆಲ್ಬಮ್ಮಿನ ಜೀವ. ಮೊದಲ ಚರಣ ಸತ್ತ ಆ ಗೆಳೆಯನ ಸಹೋದರ ಕೆಂಡ್ರಿಕ್‌ಗೆ ಹೇಳುವ ಮಾತು. ‘ನಿನ್ನ ಆಲ್ಬಮ್ ಬರೋಕೆ ಮುಂಚೆ ನಾನು ಸತ್ತರೆ’ ಅನ್ನುವ ಹೊತ್ತಿಗೆ ಗುಂಡಿನ ಸದ್ದು, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು ಕೀಶಾಳ ತಂಗಿಯದು. ಈ ಕೀಶಾ ಬರುವುದು 2011ರ ಮೊದಲ ಆಲ್ಬಮ್ ‘ಸೆಕ್ಷನ್ 80’ರಲ್ಲಿ, ಅದರ ‘ಕೀಶಾಸ್ ಸಾಂಗ್’ ಹಾಡನ್ನು ಮೊದಲೇ ಕೇಳಿರಿ. ತಾನು ಯಾವತ್ತೂ ಮಾಸಿಹೋಗಲ್ಲ ಅಂತ ತಂಗಿ ಹೇಳುತ್ತಲೇ ಇರುತ್ತಾಳೆ, ದನಿ ಮಾತ್ರ ಸಣ್ಣಗಾಗುತ್ತ ಹೋಗುತ್ತದೆ. ಇಯರ್‌ಫೋನ್ ಕೆಟ್ಟಿತೇನೋ ಅಂತ ಇಲ್ಲಿ ವಾಲ್ಯೂಮ್ ಏರಿಸುವವರೇ ಜಾಸ್ತಿ. ಏರಿಸಬೇಡಿ. ಬೇಕಂತಲೇ ಮಾಡಿದ್ದು, ಮಾಡಿದ ಜಾಗವೂ ಸರಿಯಾಗಿದೆ. ಆಮೇಲೆ ಹಿರಿಯ ಹೆಂಗಸೊಬ್ಬಳು ಹುಡುಗರಿಂದ ಹೇಳಿಸುವ ಪ್ರಾರ್ಥನೆ ಮೊದಲ ಹಾಡಿನ ಆರಂಭದಲ್ಲಿ ಕೇಳಿದ್ದೇ. ಎರಡನೇ ಸಲ ಕೇಳುವಾಗ ಆ ಆರಂಭಕ್ಕೆ ಎದೆ ಹಿಂಡುವುದು ಅದಕ್ಕೇ.

ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಅಳತೆ ಚೆನ್ನಾಗಿ ಹೊಂದುತ್ತದೆ. ಆದರೆ ಬೆಳಗ್ಗೆ ಬೋಗಿಯ ಗದ್ದಲದಲ್ಲಿ ಆ ಸಣ್ಣಗಾಗುವ ದನಿ ಕೇಳಿಸದು. ಕಿವಿಯೊಳಗೆ ಕೂರುವ ರಬ್ಬರ್ ಬಡ್ ಇರುವ ಇಯರ್‌ಫೋನ್ ಬೇಕು, ಆಲ್ಬಮ್ ಮೊದಲೇ ಡೌನ್‌ಲೋಡ್ ಆಗಿರಬೇಕು. ಬಿ.ಎಚ್. ರೋಡ್‌ನಲ್ಲಿ ಸ್ಕೂಟರ್ ಓಡಿಸುತ್ತ ಕೇಳುವ ಸಾಹಸ ಬೇಡ.

2012ರ ಅಕ್ಟೋಬರ್ 22ಕ್ಕೆ ಬಂದಾಗ ಅಮೆರಿಕದಲ್ಲಿ ಮೊದಲ ವಾರವೇ 2,42,000 ಪ್ರತಿ ಹೋಗಿ ಅಲ್ಲಿನ ಆಲ್ಬಮ್ ಚಾರ್ಟ್ ಬಿಲ್‌ಬೋರ್ಡ್ 200ರಲ್ಲಿ 2ನೇ ಸ್ಥಾನ ಸಿಕ್ಕಿತು. ಅದೇ ವಾರ ಟೇಲರ್ ಸ್ವಿಫ್ಟ್‌ಳ ‘ರೆಡ್’ ಬಂದಿತ್ತು, ಮೊದಲ ಸ್ಥಾನದ ಮಾತೇ ಇರಲಿಲ್ಲ. ವಿಮರ್ಶಕರು ಕೈ ಬಿಚ್ಚಿ ಅಂಕ ಕೊಟ್ಟರು. ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕ್ 10ಕ್ಕೆ 9.5. ಗ್ರ್ಯಾಮಿಯಲ್ಲಿ ಮಾತ್ರ ಬರಿಗೈ: 2014ರ ಜನವರಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಡ್ಯಾಫ್ಟ್ ಪಂಕ್‌ಗೆ, ರ‍್ಯಾಪ್ ಆಲ್ಬಮ್ ಪ್ರಶಸ್ತಿ ಮ್ಯಾಕ್ಲಮೋರ್‌ಗೆ. ಗೆದ್ದ ಮ್ಯಾಕ್ಲಮೋರೇ ಇದು ನಿನಗೆ ಸಲ್ಲಬೇಕಿತ್ತು ಅಂತ ಕೆಂಡ್ರಿಕ್‌ಗೆ ಮೆಸೇಜ್ ಮಾಡಿದ. ಅದು ನ್ಯಾಯವಾದ ಮಾತು. ಚಾರ್ಟ್‌ನಲ್ಲಿ 10 ವರ್ಷ ದಾಟಿ ನಿಂತದ್ದು ಯಾವುದು ಅಂತ ಈಗ ಎಲ್ಲರಿಗೂ ಗೊತ್ತು.

ಕೊರತೆ ಇಲ್ಲದಿಲ್ಲ. ಡ್ರೇಕ್ ಇರುವ ‘ಪೊಯೆಟಿಕ್ ಜಸ್ಟಿಸ್’ ಕಥೆಯ ವೇಗ ತಗ್ಗಿಸುತ್ತದೆ, ಅದರ ಕೊನೆಯ ಜಗಳವಷ್ಟೇ ಮುಖ್ಯ. ‘ರಿಯಲ್’ 7 ನಿಮಿಷ ಎಳೆದಿದೆ. ಅವನು ನೋಡಲು ಹೋದ ಹುಡುಗಿ, ಕಥೆಗೆ ಕಾರಣಳಾದ ಶೆರೇನ್‌ಗೆ ತನ್ನದೇ ಒಂದು ಚರಣವೂ ಇಲ್ಲ, ಇದು ದೊಡ್ಡ ಕೊರತೆ. ‘ಬ್ಯಾಕ್‌ಸೀಟ್ ಫ್ರೀಸ್ಟೈಲ್’ನ ಬಡಾಯಿ ಕೇಳಿ ಮುಖ ಸಿಂಡರಿಸಬೇಡಿ, ಅದು ಹದಿಹರೆಯದ ಹುಡುಗನ ಬಾಯಲ್ಲಿ ಬರುವ ಮಾತು.

ಇಂಗ್ಲಿಷ್ ವೇಗ ಹಿಡಿಯದಿದ್ದರೆ 4ನೇ ಮತ್ತು 10ನೇ ಹಾಡಿನ ಸಾಹಿತ್ಯವನ್ನಷ್ಟೇ ಮುಂಚೆ ಓದಿ, ಉಳಿದದ್ದು ದಾರಿಗೆ ಬರುತ್ತದೆ. ಡೀಲಕ್ಸ್ ಆವೃತ್ತಿಯಾದರೆ 12ನೆಯದಕ್ಕೆ ನಿಲ್ಲಿಸಿ. ಹೆಚ್ಚುವರಿ ಹಾಡುಗಳಲ್ಲಿ ‘ಬ್ಲ್ಯಾಕ್ ಬಾಯ್ ಫ್ಲೈ’ ಚೆನ್ನಾಗಿದೆ, ಆದರೆ ಅದನ್ನು ಬೇರೆ ಪ್ಲೇಲಿಸ್ಟ್‌ಗೆ ಹಾಕಿಕೊಳ್ಳಿ.